ಹರಿಹರ ಸೇತುವೆಯ ಆಚೆ ಎರಡು ಗಂಟೆ, ಈಚೆ ಹತ್ತು ಗಂಟೆ

2021ರ ಜೂನ್ 14, ಸೋಮವಾರ. ಬೆಳಿಗ್ಗೆ ಹತ್ತೂವರೆ ಆಗಿತ್ತು. ಹರಿಹರದ ತುಂಗಭದ್ರಾ ಸೇತುವೆ ಹತ್ತಿರ ಬೈಕ್ ನಿಲ್ಲಿಸಿಕೊಂಡು ಫೋಟೊ ತೆಗೆಯುತ್ತಿದ್ದೆ. ಊರೊಳಗೆ ಶಟರ್‌ಗಳು ಇಳಿದಿದ್ದವು. ತಾಲ್ಲೂಕಿನ ಒಂದು ಹಳ್ಳಿಯಿಂದ ಟಿವಿಎಸ್ ಎಕ್ಸೆಲ್‌ನಲ್ಲಿ ಬಂದಿದ್ದ ಹಿರಿಯರೊಬ್ಬರು ಖಾಲಿ ಚೀಲ ಹಿಡಿದು ನಿಂತಿದ್ದರು. ಬೆಳಿಗ್ಗೆ ಹೊಲದ ಕೆಲಸ ಮುಗಿಸಿ, ನಿಧಾನಕ್ಕೆ ಕಿರಾಣಿ ತರೋಣ ಅಂತ ಹೊರಟವರು.

"ಟಿವಿಯಾಗೆ ಎರಡು ಗಂಟೆವರೆಗೂ ಅಂಗಡಿ ಅಂದ್ರಲ್ಲಪ್ಪಾ?" ಅಂತ ಕೇಳಿದರು.

"ಅದು ಆ ಕಡೆಗೆ ಯಜಮಾನ್ರೇ. ನಮ್ಮ ಜಿಲ್ಲೆಗೆ ಇನ್ನೂ ಇಲ್ಲ."

ಅವರು ಸೇತುವೆಯ ಆಚೆ ನೋಡಿದರು. ಅಲ್ಲಿಂದ ಮುಂದೆ ಕುಮಾರಪಟ್ಟಣ, ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. "ಹೊಳಿ ಅದೇ ಅಲ್ಲೇನು? ಆ ಕಡೆ ಬಿಟ್ಟೈತಿ, ಈ ಕಡೆ ಹಿಡದೈತಾ ರೋಗ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸುದ್ದಿ ಕಳಿಸಿದೆ, ಅದು ನಾಲ್ಕು ಸಾಲಿನಲ್ಲಿ ಬಂತು. ಆ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿದುಬಿಟ್ಟಿತು. ಈ ಬರಹ ಅದರಿಂದಲೇ ಹುಟ್ಟಿದ್ದು.

ಆಗ ಆಗಿದ್ದು ಇಷ್ಟು. ಜೂನ್ 10ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಲಾಕ್‌ಡೌನ್ ಸಡಿಲಿಕೆ ಘೋಷಿಸಿದರು. 14ರಿಂದ ಅಗತ್ಯ ವಸ್ತುಗಳ ಅಂಗಡಿ ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರವರೆಗೆ, ಕಾರ್ಖಾನೆಗಳಿಗೆ ಅರ್ಧ ಸಿಬ್ಬಂದಿ, ಆಟೊದಲ್ಲಿ ಇಬ್ಬರು ಪ್ರಯಾಣಿಕರು. ಆದರೆ ಸೋಂಕಿನ ಪ್ರಮಾಣ ಹೆಚ್ಚಿದ್ದ 11 ಜಿಲ್ಲೆಗಳಿಗೆ ಇದು ಅನ್ವಯಿಸುವುದಿಲ್ಲ, ಅಲ್ಲಿ ಹಳೆಯ ಲಾಕ್‌ಡೌನೇ ಮುಂದುವರಿಯುತ್ತದೆ ಎಂದರು. ಆ 11ರಲ್ಲಿ ದಾವಣಗೆರೆ ಇತ್ತು, ಶಿವಮೊಗ್ಗ, ಚಿಕ್ಕಮಗಳೂರು, ಮೈಸೂರು, ಬೆಳಗಾವಿ ಇದ್ದವು. ಹಾವೇರಿ ಇರಲಿಲ್ಲ. ಹಾಗಾಗಿ ಹೊಳೆಯ ಆಚೆ ಎರಡು ಗಂಟೆ, ಈಚೆ ಹತ್ತು ಗಂಟೆ.

ಒಂದು ವಾರದ ನಂತರ, ಜೂನ್ 21ಕ್ಕೆ, ಅಂತರ ಇನ್ನೂ ಬೆಳೆಯಿತು. ನೂರು ಜನರ ಪರೀಕ್ಷೆಯಲ್ಲಿ ಐದಕ್ಕಿಂತ ಕಡಿಮೆ ಪಾಸಿಟಿವ್ ಬಂದ ಜಿಲ್ಲೆಗಳಿಗೆ ಸಂಜೆ 5ರವರೆಗೆ ಎಲ್ಲ ಅಂಗಡಿ ತೆರೆಯಲು ಅವಕಾಶ, ಹಾವೇರಿ ಅದರಲ್ಲಿ ಸೇರಿತು. ಐದರಿಂದ ಹತ್ತರ ನಡುವಿನವರು ಎರಡನೇ ಗುಂಪು, ದಾವಣಗೆರೆ ಅದರಲ್ಲಿ. ಆಚೆಯವರಿಗೆ ಹಿಂದಿನ ವಾರವೇ ಸಿಕ್ಕಿದ್ದು ನಮಗೆ ಆಗ ಸಿಕ್ಕಿತು. ಜುಲೈ 5ಕ್ಕೆ ಇಡೀ ರಾಜ್ಯಕ್ಕೆ ಹೆಚ್ಚುಕಡಿಮೆ ಒಂದೇ ನಿಯಮ ಬಂದ ಮೇಲಷ್ಟೇ ಸೇತುವೆಯ ಎರಡೂ ಕಡೆ ಒಂದೇ ಗಡಿಯಾರ ನಡೆಯತೊಡಗಿತು.

ಹೊರಗಿನವರಿಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ಹರಿಹರದವರಿಗೆ ಹಾಗಲ್ಲ. ಗ್ರಾಸಿಂ ಕಂಪನಿಯ ಕಾರ್ಖಾನೆಯ ಹೆಸರೇ ಹರಿಹರ ಪಾಲಿಫೈಬರ್ಸ್, ಅದು ಇರುವುದು ಹೊಳೆಯ ಆಚೆ ಕುಮಾರಪಟ್ಟಣದಲ್ಲಿ. ದುಡಿಯುವ ಜನ ಆಚೆ, ಮನೆ ಈಚೆ. ಸಂತೆ, ಆಸ್ಪತ್ರೆ, ಮಕ್ಕಳ ಶಾಲೆ, ಹೆಣ್ಣು ಕೊಟ್ಟು ತಂದ ಮನೆ, ಎಲ್ಲವೂ ಎರಡೂ ದಂಡೆಗೆ ಹಂಚಿಕೊಂಡಿವೆ. ಆದರೆ ಸರ್ಕಾರದ ಕಾಗದಕ್ಕೆ ಹೊಳೆ ಎಂದರೆ ಗೆರೆ.

ಆ ಗೆರೆ ನಿನ್ನೆ ಮೊನ್ನೆ ಎಳೆದದ್ದೂ ಅಲ್ಲ. 1956ರ ನವೆಂಬರ್ 1ರವರೆಗೆ ಇಲ್ಲಿ ತುಂಗಭದ್ರೆಯೇ ರಾಜ್ಯದ ಗಡಿ. ಈಚೆ ಮೈಸೂರು, ಆಚೆ ಮುಂಬೈ ಸರ್ಕಾರದ ಧಾರವಾಡ ಜಿಲ್ಲೆ. ಬೆಂಗಳೂರು–ಧಾರವಾಡ ಹೆದ್ದಾರಿಗಾಗಿ 1868ರಲ್ಲಿ ಇಲ್ಲಿ ಕಲ್ಲು–ಇಟ್ಟಿಗೆಯ ಸೇತುವೆ ಮುಗಿಯಿತು. ಅರವತ್ತು ಅಡಿ ಅಗಲದ 14 ಕಮಾನು, ಆ ಕಾಲಕ್ಕೆ ಸುಮಾರು ಮೂರು ಲಕ್ಷ ರೂಪಾಯಿ ಖರ್ಚು. ಆಮೇಲೆ ರೈಲು ಬಂತು. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಹುಬ್ಬಳ್ಳಿ–ಧಾರವಾಡದ ಸೀಮೆಗೆ ಹಬ್ಬಿ, 1898ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಕಾಣಿಸಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲಿಗೆ ಹರಿಹರವೇ ದಾರಿ. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆಯನ್ನು ನಮ್ಮ ಕಡೆಯ ಮುದುಕರು ಈಗಲೂ ಹೇಳುತ್ತಾರೆ.

ಆ ಪ್ಲೇಗಿಗಾಗಿ ಬ್ರಿಟಿಷರು ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕೊರೊನಾ ನಿಯಮಾವಳಿಗೆ ಬಳಸಿತು. ಅದರ ಜೊತೆಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆ. ಈ ಎರಡನೆಯ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ಹಾಗಾಗಿ ಅಂಗಡಿ ಯಾವಾಗ ತೆಗೆಯಬೇಕು, ಸಂತೆ ಕೂಡಬೇಕೋ ಬೇಡವೋ ಎಂಬ ಆದೇಶ ಬರುತ್ತಿದ್ದುದು ಅವರ ಸಹಿಯಲ್ಲಿ. ಆದರೆ ಆ ಆದೇಶ ಓಣಿಗೆ ಮುಟ್ಟಿಸುವ ಕೆಲಸ ಪಾಲಿಕೆ, ನಗರಸಭೆ, ಗ್ರಾಮ ಪಂಚಾಯಿತಿಗಳದ್ದು. ಆದೇಶ ಮಾಡುವವರು ಒಬ್ಬರು, ಬೈಸಿಕೊಳ್ಳುವವರು ಇನ್ನೊಬ್ಬರು.

ಮೊದಲ ಅಲೆಗೆ ವಾಪಸ್ ಹೋಗೋಣ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ 2020ರ ಮಾರ್ಚ್‌ನಲ್ಲಿ ಮುಗಿದು ಕೆಲವೇ ದಿನಕ್ಕೆ ಜನತಾ ಕರ್ಫ್ಯೂ, ಅದರ ಬೆನ್ನಿಗೆ ಮಾರ್ಚ್ 25ರಿಂದ ಲಾಕ್‌ಡೌನ್. ಮಾರ್ಚ್ ಕೊನೆಗೆ ಜಿಲ್ಲೆಯಲ್ಲಿ ಕಂಡ ಬೆರಳೆಣಿಕೆಯ ಪ್ರಕರಣಗಳಲ್ಲಿ ಎಲ್ಲರೂ ಗುಣಮುಖರಾದರು. ಏಪ್ರಿಲ್ ಪೂರ್ತಿ ಹೊಸದು ಬರಲಿಲ್ಲವೆಂದೇ ಹೇಳಬಹುದು. ಎಲ್ಲರ ಬಾಯಲ್ಲಿ ಒಂದೇ ಮಾತು: "ಗ್ರೀನ್ ಆಗ್ತೀವಿ, ಅಂಗಡಿ ತೆಗೀತಾರೆ."

ಕೇಂದ್ರ ಆರೋಗ್ಯ ಸಚಿವಾಲಯದ ಪಟ್ಟಿ ಏಪ್ರಿಲ್ 30ಕ್ಕೆ ಹೊರಬಿತ್ತು. ಕರ್ನಾಟಕದ 14 ಹಸಿರು ಜಿಲ್ಲೆಗಳಲ್ಲಿ ದಾವಣಗೆರೆ, ಹಾವೇರಿ ಎರಡೂ ಇದ್ದವು. ಆದರೆ ಪಟ್ಟಿ ಬರುವ ಹಿಂದಿನ ದಿನವೇ ದಾವಣಗೆರೆ ನಗರದಲ್ಲಿ ಹೊಸ ಪ್ರಕರಣ ಪತ್ತೆಯಾಗಿತ್ತು. ಮೇ ಮೊದಲ ವಾರದಲ್ಲಿ ಒಂದೇ ದಿನ 20ಕ್ಕೂ ಹೆಚ್ಚು ಪಾಸಿಟಿವ್. ಬಾಷಾನಗರ, ಜಾಲಿನಗರದ ಓಣಿಗಳಿಗೆ ಅಡ್ಡಗಟ್ಟೆ ಬಿತ್ತು. ಕಾಗದದಲ್ಲಿ ಹಸಿರು, ಓಣಿಯಲ್ಲಿ ಸೀಲ್‌ಡೌನ್. ಆ ಮೂರ್ನಾಲ್ಕು ದಿನ ನನಗೆ ಬಂದ ಫೋನುಗಳನ್ನು ಮರೆಯಲಾರೆ. ಮೇ 4ರಿಂದ ರಾಜ್ಯದಲ್ಲಿ ಮದ್ಯದಂಗಡಿ ಸೇರಿ ಹಲವು ಅಂಗಡಿ ತೆರೆಯುತ್ತವೆ ಎಂದು ಟಿವಿ ಹೇಳುತ್ತಿತ್ತು. ಜಿಲ್ಲೆ ಹಸಿರು ಎಂದು ಪತ್ರಿಕೆ ಹೇಳುತ್ತಿತ್ತು. ಹಸಿರು ಹೋಯಿತು ಎಂದು ವಾಟ್ಸ್‌ಆ್ಯಪ್ ಹೇಳುತ್ತಿತ್ತು. ಮೂರೂ ಒಂದೊಂದು ದಿನದ ಮಟ್ಟಿಗೆ ನಿಜವೇ.

ನಾನೂ ಇದರಲ್ಲಿ ತಪ್ಪು ಮಾಡಿದ್ದೇನೆ. ಒಂದು ಸಂಜೆ ಹಳೆಯ ಆದೇಶದ ಪಿಡಿಎಫ್ ಅನ್ನು ಹೊಸದು ಅಂದುಕೊಂಡು ಊರಿನ ಗ್ರೂಪಿಗೆ ಹಾಕಿದೆ. ಮೂರನೇ ಪುಟದ ಕೆಳಗೆ ಸಣ್ಣದಾಗಿ ಇದ್ದ ದಿನಾಂಕ ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ನಾಲ್ಕೈದು ಮಂದಿ ಕಟಿಂಗ್ ಅಂಗಡಿ ಮುಂದೆ ನಿಂತಿದ್ದರಂತೆ. "ಪತ್ರಕರ್ತ ಹಾಕ್ಯಾನ, ಸುಳ್ಳಿರಲ್ಲ" ಅಂತ. ಆಮೇಲಿಂದ ದಿನಾಂಕ ನೋಡದೆ ಏನನ್ನೂ ಮುಂದೆ ಕಳಿಸಿಲ್ಲ.

ಸಡಿಲಿಕೆ ಅನ್ನುವ ಪದವೇ ಆಗ ನಮ್ಮ ಮಂದಿಗೆ ಹೊಸದಾಗಿತ್ತು. ಮಂಚದ ನವಾರು ಸಡಿಲ ಆಗುತ್ತದೆ, ಗಾಡಿಯ ಕೀಲು ಸಡಿಲ ಆಗುತ್ತದೆ. ಸರ್ಕಾರ ಸಡಿಲ ಆಗುತ್ತದೆ ಅಂದರೆ ಏನು? ನಮ್ಮ ಓಣಿಯ ಅಜ್ಜಿಯೊಬ್ಬರು ಅದನ್ನು "ಬಿಟ್ಟಾರ" ಎಂಬ ಒಂದು ಮಾತಿಗೆ ಇಳಿಸಿದರು. ಬಿಟ್ಟಾರ, ಬಿಟ್ಟಿಲ್ಲ. ಬಸ್ ಬಿಟ್ಟಾರ: ಮೇ 19ರಿಂದ, ಬೆಳಿಗ್ಗೆ 7ರಿಂದ ಸಂಜೆ 7, ಬಸ್ಸಿಗೆ 30 ಜನ. ಗುಡಿ ಬಿಟ್ಟಾರ, ಹೋಟೆಲ್‌ನಾಗ ಕೂಡ್ರಾಕ ಬಿಟ್ಟಾರ: ಜೂನ್ 8ರಿಂದ. ಎರಡು ತಿಂಗಳು ಪಾರ್ಸಲ್ ಬೆಣ್ಣೆದೋಸೆ ತಿಂದವರು ಅಂದು ಹೆಂಚಿನ ಎದುರು ಕೂತು ತಿಂದರು. ಪಾರ್ಸಲ್‌ನಲ್ಲಿ ಮೆತ್ತಗಾದ ದೋಸೆಯನ್ನು ದೋಸೆ ಎಂದು ದಾವಣಗೆರೆಯವರು ಒಪ್ಪುವುದಿಲ್ಲ, ಇರಲಿ.

ಹಳ್ಳಿಗೆ ಈ ಸುದ್ದಿ ಹೇಗೆ ಮುಟ್ಟಿತು? ನಮ್ಮ ತಾತನ ಕಾಲದಲ್ಲಿ ಡಂಗುರ ಇತ್ತು. ತಮಟೆ ಬಾರಿಸಿ, ಮೂರು ಕಡೆ ನಿಂತು ಕೂಗಿದರೆ ಊರಿಗೆಲ್ಲ ಗೊತ್ತು. ಕೂಗಿದವನು ಯಾರು, ಕೂಗಿಸಿದವರು ಯಾರು ಎಂಬುದೂ ಗೊತ್ತು. ಅನುಮಾನ ಇದ್ದರೆ ಅವನನ್ನೇ ನಿಲ್ಲಿಸಿ ಕೇಳಬಹುದಿತ್ತು. ಕೊರೊನಾ ಕಾಲದಲ್ಲಿ ನಗರದಲ್ಲಿ ಕಸದ ಗಾಡಿಯ ಮೈಕು, ಹಳ್ಳಿಯಲ್ಲಿ ಬಾಡಿಗೆ ಆಟೊ, ಕೆಲವೆಡೆ ಗುಡಿಯ ಅಥವಾ ಮಸೀದಿಯ ಮೈಕು ಆ ಕೆಲಸ ಮಾಡಿದವು. ಮಾಸ್ಕ್ ಹಾಕಿ, ಅಂತರ ಕಾಪಾಡಿ ಎಂಬುದು ಚೆನ್ನಾಗಿ ಮುಟ್ಟಿತು, ಏಕೆಂದರೆ ಅದು ದಿನಾ ಬದಲಾಗುತ್ತಿರಲಿಲ್ಲ. ಬದಲಾಗುತ್ತಿದ್ದುದು ಸಮಯ, ದಂಡ, ಯಾರಿಗೆ ಉಂಟು ಯಾರಿಗೆ ಇಲ್ಲ ಎಂಬುದು. ಆಟೊ ಮೈಕಿನಲ್ಲಿ ಹೋದ ವಾರ ರೆಕಾರ್ಡ್ ಮಾಡಿದ್ದೇ ಈ ವಾರವೂ ಓಡುತ್ತಿತ್ತು. ದಂಡದ ಲೆಕ್ಕವನ್ನೇ ತೆಗೆದುಕೊಳ್ಳಿ: 2020ರ ಸೆಪ್ಟೆಂಬರ್ ಕೊನೆಗೆ ಮಾಸ್ಕ್ ಇಲ್ಲದಿದ್ದರೆ ಪಾಲಿಕೆ ವ್ಯಾಪ್ತಿಯಲ್ಲಿ 1000 ರೂಪಾಯಿ, ಉಳಿದೆಡೆ 500 ಎಂದು ಏರಿಸಿದರು. ಜನ ಸಿಟ್ಟಾದರು, ವಾರದೊಳಗೆ 250 ಮತ್ತು 100ಕ್ಕೆ ಇಳಿಯಿತು.

ಇಲ್ಲಿ ಇನ್ನೊಂದು ಸಂಗತಿ ಇದೆ. ಇದನ್ನು ನಾವು ಪತ್ರಕರ್ತರು ಆಗ ಸರಿಯಾಗಿ ಬರೆಯಲಿಲ್ಲ ಎಂದು ನನಗೆ ಅನ್ನಿಸುತ್ತದೆ. 2020ರಲ್ಲಿ ಸಡಿಲಿಕೆ ಶುರುವಾದ ಹೊತ್ತಿಗೇ ರಾಜ್ಯದ ಬಹುಪಾಲು ಗ್ರಾಮ ಪಂಚಾಯಿತಿಗಳ ಐದು ವರ್ಷದ ಅವಧಿ ಮುಗಿಯಿತು. ರೋಗದ ಕಾರಣಕ್ಕೆ ಚುನಾವಣೆ ಮುಂದೆ ಹೋಯಿತು, ಸದಸ್ಯರ ಜಾಗಕ್ಕೆ ಆಡಳಿತಾಧಿಕಾರಿಗಳು ಬಂದರು. ಒಬ್ಬ ಅಧಿಕಾರಿಗೆ ತಮ್ಮ ಇಲಾಖೆಯ ಕೆಲಸದ ಜೊತೆ ಪಂಚಾಯಿತಿಯ ಹೊಣೆ. ಬೆಂಗಳೂರಿನಿಂದ ಊರಿಗೆ ವಾಪಸ್ ಬಂದವರಿಗೆ ನರೇಗಾ ಕೂಲಿ (ಆ ಏಪ್ರಿಲ್‌ನಿಂದ ದಿನಕ್ಕೆ 275 ರೂಪಾಯಿ ಆಗಿತ್ತು) ಕೊಡಿಸಬೇಕಿದ್ದ ತಿಂಗಳುಗಳು ಅವು. ಹೊರಗಿನಿಂದ ಬಂದವರನ್ನು ಶಾಲೆಯಲ್ಲಿ ಇರಿಸಬೇಕೋ ಮನೆಯಲ್ಲೋ ಎಂದು ಊರು ಜಗಳವಾಡುತ್ತಿದ್ದ ತಿಂಗಳುಗಳು. ಆಗ ಬಾಗಿಲು ಬಡಿದು "ಏನ್ ಸದಸ್ಯರೇ" ಎಂದು ಕೇಳಲು ಊರಲ್ಲಿ ಸದಸ್ಯರೇ ಇಲ್ಲ. ಮಾಜಿ ಸದಸ್ಯರು ಕೆಲವೆಡೆ ಓಡಾಡಿದರು, ಅದು ಅವರ ಒಳ್ಳೆಯತನ. ಚುನಾವಣೆ ನಡೆದದ್ದು ಡಿಸೆಂಬರ್ 22 ಮತ್ತು 27ಕ್ಕೆ.

ಎರಡನೇ ಅಲೆಗೆ ಗ್ರಾಮ ಪಂಚಾಯಿತಿಗಳಲ್ಲಿ ಹೊಸ ಸದಸ್ಯರು ಇದ್ದರು. ಆದರೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರ ಏಪ್ರಿಲ್–ಮೇ ತಿಂಗಳಲ್ಲಿ ಮುಗಿದುಹೋಯಿತು. ಒಮ್ಮೆ ಕೆಳಗಿನ ಮನೆ ಖಾಲಿ, ಇನ್ನೊಮ್ಮೆ ಮೇಲಿನ ಎರಡು ಮಾಳಿಗೆ ಖಾಲಿ. ಜೂನ್ 14ರಂದು ಆ ಹಿರಿಯರು ಕೇಳಿದ ಪ್ರಶ್ನೆಯನ್ನು, ಅಂದರೆ ಹರಿಹರಕ್ಕೂ ಕುಮಾರಪಟ್ಟಣಕ್ಕೂ ಒಂದೇ ಸಮಯ ಇರಲಿ ಎಂಬುದನ್ನು, ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಎದ್ದು ನಿಂತು ಕೇಳುವ ಸದಸ್ಯ ಹೊಳೆಯ ಈ ದಂಡೆಯಲ್ಲೂ ಇರಲಿಲ್ಲ, ಆ ದಂಡೆಯಲ್ಲೂ ಇರಲಿಲ್ಲ. ಕೇಳಿದ್ದರೆ ಆಗುತ್ತಿತ್ತು ಎಂದು ಹೇಳುತ್ತಿಲ್ಲ. ಆದೇಶ ಬೆಂಗಳೂರಿನದ್ದು, ಕಾನೂನು ಜಿಲ್ಲಾಧಿಕಾರಿಯದ್ದು. ಆದರೂ ಕೇಳಿದ್ದು ನಡಾವಳಿ ಪುಸ್ತಕದಲ್ಲಿ ಒಂದು ಸಾಲಾಗಿ ಉಳಿಯುತ್ತಿತ್ತು.

ಈಗ ಇದನ್ನು ಬರೆಯಲು ಕೂತಾಗ ನನ್ನ ಕೈಗೆ ಸಿಕ್ಕಿದ್ದು ಬರೀ ಮೇಲಿನವರ ಕಾಗದ. ರಾಜ್ಯದ ಆದೇಶಗಳು ಸಿಗುತ್ತವೆ. ಆ ಆದೇಶ ನಮ್ಮೂರಿಗೆ ಯಾವ ದಿನ ಬಂತು, ಯಾರು ಓದಿ ಹೇಳಿದರು, ಯಾರು ಅದನ್ನು ಒಪ್ಪಲಿಲ್ಲ ಎಂಬುದು ಸಿಗುವುದಿಲ್ಲ. ನನ್ನ ಆಗಿನ ಫೋನು ಕೆಟ್ಟು, ಗ್ರೂಪಿನ ಮೆಸೇಜು ಅದರ ಜೊತೆ ಹೋದವು. ಪಂಚಾಯಿತಿಯ ನಡಾವಳಿ, ಆಟೊ ಬಾಡಿಗೆಯ ವೋಚರು, ಕಾರ್ಯಪಡೆಯ ಸಭೆಯ ಪುಸ್ತಕ ಕಚೇರಿಯಲ್ಲಿ ಇರಬೇಕು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಬಿಪಿಎಲ್ ಕಾರ್ಡಿನವರಿಗೆ ಆ ಶುಲ್ಕವೂ ಇಲ್ಲ. ನಾನು ಎರಡು ಪಂಚಾಯಿತಿಗಳಿಗೆ ಹಾಕಿದ್ದೇನೆ.

ದಾವಣಗೆರೆ, ಹರಿಹರ, ಹೊಳೆಯ ಆಚೆ ರಾಣೆಬೆನ್ನೂರು ಕಡೆಯ ಓದುಗರೇ, 2020 ಮತ್ತು 2021ರ ಮೇ, ಜೂನ್ ತಿಂಗಳ ಪಂಚಾಯಿತಿ ನೋಟಿಸಿನ ಫೋಟೊ, ಆಟೊ ಮೈಕಿನ ವಿಡಿಯೊ, ಪಿಡಿಒ ಕಳಿಸಿದ ಧ್ವನಿ ಮೆಸೇಜು ನಿಮ್ಮ ಫೋನಿನಲ್ಲಿ ಇನ್ನೂ ಇದ್ದರೆ ಜಾಗ ಮಾಡಲೆಂದು ಅಳಿಸಬೇಡಿ, ನಮಗೆ ಕಳಿಸಿ. ಜೊತೆಗೆ ಯಾವ ಊರು, ಯಾವ ದಿನ ಎಂದು ಬರೆಯಿರಿ. ದಿನಾಂಕ ಮರೆಯಬೇಡಿ.