ಮುಂಭಾರ, ಹಿಂಭಾರ: ದುರ್ಗದ ಎತ್ತಿನ ಗಾಡಿಯಿಂದ ಎಟಿವಿವರೆಗೆ

ಈ ಸಂಚಿಕೇನ ಬೈಕ್ ಓಡಿಸ್ತಾ, ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ರೆ ದಯವಿಟ್ಟು ಗಾಡಿ ಪಕ್ಕಕ್ಕೆ ನಿಲ್ಲಿಸಿ. ಇವತ್ತಿನ ವಿಷಯಕ್ಕೂ ಈ ಮಾತಿಗೂ ಸಂಬಂಧ ಇದೆ.

ರೀಲ್ಸ್‌ನಲ್ಲಿ ನೀವು ನೋಡಿರ್ತೀರಿ. ನಾಲ್ಕು ದಪ್ಪ ಟೈರು, ಬೈಕಿನಂಥ ಹ್ಯಾಂಡಲ್, ಕಲ್ಲು ಮಣ್ಣು ಹಳ್ಳ ಅನ್ನದೆ ಏರೋ ಗಾಡಿ. ಎಟಿವಿ ಅಂತಾರೆ. ಎಲ್ಲ ನೆಲದಲ್ಲೂ ಓಡುವ ವಾಹನ. ಇದು ಹೊಸದು ಅಂತ ನಮಗೆ ಅನ್ಸುತ್ತೆ. ಆದ್ರೆ ಚಿತ್ರದುರ್ಗದ ನೆಲದಲ್ಲಿ ಎಲ್ಲಿಗೆ ಬೇಕಾದ್ರೂ ಹೋಗೋ ವಾಹನದ ಕತೆ ಮುನ್ನೂರು ವರ್ಷ ಹಳೇದು. ಅದಕ್ಕೆ ಎಂಜಿನ್ ಇರ್ಲಿಲ್ಲ, ಕೊಂಬಿತ್ತು.

ಮೈಸೂರನ್ನ 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗೆ ಒಂದು ಇಲಾಖೆ ಮಾಡಿದ್ರು. ಹೆಸರು ಬೆಣ್ಣೆ ಚಾವಡಿ. ಟಿಪ್ಪು ಕಾಲಕ್ಕೆ ಅದೇ ಅಮೃತ ಮಹಲ್ ಆಯ್ತು. ಹೆಸರು ಕೇಳಿದ್ರೆ ಹಾಲು, ಬೆಣ್ಣೆ ನೆನಪಾಗುತ್ತೆ. ಆದ್ರೆ ಹೈದರನ ಕಾಲದಿಂದ ಅದರ ಅಸಲಿ ಕೆಲಸ ಫಿರಂಗಿ ಎಳೆಯೋದು. ಬಿ.ಎಲ್. ರೈಸ್ ಬರೆದ ಮೈಸೂರು ಗೆಝೆಟಿಯರ್ ಪ್ರಕಾರ ಈ ದನಗಳಲ್ಲಿ ಮೂರು ಬಗೆ: ಹಳ್ಳಿಕಾರ್, ಹಾಗಲವಾಡಿ, ಮೂರನೇದು ಚಿತ್ರದುರ್ಗ. ಹೌದು, ನಮ್ಮ ದುರ್ಗದ ಹೆಸರಲ್ಲೇ ಒಂದು ಬಗೆ. ಹೈದರ್ ಪಾಳೆಗಾರರನ್ನ ಸೋಲಿಸ್ತಾ ಬಂದಂತೆ ಅವರ ದನಗಳೂ ಅವನ ಪಾಲಾದವು. ಮದಕರಿ ನಾಯಕನ ದುರ್ಗ ಅವನ ಕೈಗೆ ಬಿದ್ದಿದ್ದು 1779ರಲ್ಲಿ.

ಈ ಎತ್ತುಗಳ ತಾಕತ್ತು ಎಷ್ಟು? ಚಿದಂಬರದ ರಕ್ಷಣೆಗೆ ಹೈದರನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ನಡೀತು ಅಂತ ಅದೇ ಗೆಝೆಟಿಯರ್ ಹೇಳುತ್ತೆ. ಅಂದ್ರೆ 160 ಕಿಲೋಮೀಟರ್. ಡಾಂಬರು ರಸ್ತೆ ಇಲ್ಲದ ಕಾಲ, ಹಿಂದೆ ಫಿರಂಗಿ ಬೇರೆ.

ನನಗೆ ವೇಗಕ್ಕಿಂತ ಮುಖ್ಯ ಅನ್ಸಿದ್ದು ಇನ್ನೊಂದು. ಟಿಪ್ಪು ಈ ಇಲಾಖೆಗೆ ಒಂದು ಹುಕುಂನಾಮೆ ಹೊರಡಿಸಿದ್ದ. ದನಗಳನ್ನ ಹೇಗೆ ನೋಡ್ಕೊಬೇಕು ಅನ್ನೋ ನಿಯಮಗಳು. ಇವತ್ತಿನ ಭಾಷೇಲಿ ಹೇಳಿದ್ರೆ ಸರ್ವಿಸ್ ಮ್ಯಾನುಯಲ್. ಟಿಪ್ಪುವನ್ನ ಸೋಲಿಸಿದ ಇಂಗ್ಲಿಷರೂ ಅದರ ಎಷ್ಟೋ ನಿಯಮ ಹಾಗೇ ಇಟ್ಕೊಂಡ್ರು. ಆದ್ರೆ 1799ರ ನಂತರ ನೋಡ್ಕೊಳ್ಳೋದು ಸಡಿಲ ಆಯ್ತು, ತಳಿ ಕೆಡ್ತು, 1813ರಲ್ಲಿ ಕ್ಯಾಪ್ಟನ್ ಹಾರ್ವೆ ಅನ್ನೋನು ಬಂದು ಸರಿಮಾಡಬೇಕಾಯ್ತು. ಅಷ್ಟಕ್ಕೇ ಬುದ್ಧಿ ಬಂತಾ? ಇಲ್ಲ. 1860ರಲ್ಲಿ ಖರ್ಚು ಜಾಸ್ತಿ ಅಂತ ಹಿಂಡುಗಳನ್ನೇ ಮಾರಿಬಿಟ್ರು. ಆಮೇಲೆ ಒಳ್ಳೇ ಎತ್ತು ಸಿಗದೆ 1866ರಲ್ಲಿ ಮತ್ತೆ ಶುರುಮಾಡಿದ್ರು. ಸರ್ವಿಸ್ ಖರ್ಚು ಉಳಿಸೋಕೆ ಹೋಗಿ ಎಂಜಿನ್ನನ್ನೇ ಸುಟ್ಕೊಳ್ಳೋ ಬುದ್ಧಿ ಆಗ್ಲೂ ಇತ್ತು ನೋಡಿ.

(ಒಂದು ಅಡ್ಡಮಾತು. ಆ ದನ ಮೇಯ್ತಿದ್ದ ಕಾವಲು ಭೂಮಿಯಲ್ಲೇ, ಚಳ್ಳಕೆರೆ ಹತ್ರ, ಈಗ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ ಇದೆ. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆ ಇರೋ ಮರುಬಳಕೆ ವಾಹನ, ಒಳಗೆ ಯಾರೂ ಇಲ್ದೆ, ತಾನೇ ಬಂದು ಇಳಿದಿದ್ದು ಅಲ್ಲೇ. ಆ ಕಾವಲುಗಳ ಕತೆ ಬೇರೇನೇ ದೊಡ್ಡದು, ಇನ್ನೊಂದು ದಿನ ಹೇಳ್ತೀನಿ.)

ಸೈನ್ಯ ಬಿಟ್ಟು ಊರಿಗೆ ಬರೋಣ. ಹೊಳಲ್ಕೆರೆಯ ಅಡಿಕೆ, ಹೊಸದುರ್ಗದ ತೆಂಗು, ಹಿರಿಯೂರಿನ ಎರೆ ಹೊಲದ ಬೆಳೆ, ಎಲ್ಲ ಸಂತೆಗೆ ಹೋಗ್ತಿದ್ದಿದ್ದು ಎತ್ತಿನ ಗಾಡೀಲಿ. ಹೊರಡೋ ಮುಂಚೆ ಗಾಡಿಯವರು ಒಂದು ಸುತ್ತು ಹಾಕ್ತಿದ್ರು. ಗಾಲಿ ಅಚ್ಚಿನಿಂದ ಜಾರದ ಹಾಗೆ ತಡೆಯೋ ಕಡಾಣಿ ಇದೆಯಾ, ಕೀಲೆಣ್ಣೆ ಬಿದ್ದಿದೆಯಾ, ಎತ್ತಿನ ಲಾಳ ಸವೆದಿದೆಯಾ, ಹೆಗಲಲ್ಲಿ ಗಾಯ ಆಗಿದೆಯಾ. ಈ ಕಡಾಣಿ ಜೇಡರ ದಾಸಿಮಯ್ಯನ ವಚನದಲ್ಲೂ ಕಡೆಗೀಲು ಅನ್ನೋ ಹೆಸರಲ್ಲಿ ಬರುತ್ತೆ. ಅಂದ್ರೆ ವಚನಕಾರರ ಕಾಲದ ಜನಕ್ಕೂ ಗೊತ್ತಿತ್ತು, ಒಂದು ಬೆರಳುದ್ದದ ಕೀಲು ಇಲ್ದಿದ್ರೆ ಇಡೀ ಬಂಡಿ ಮಗುಚುತ್ತೆ ಅಂತ.

ಆಮೇಲೆ ಲೋಡು. ಮುಂಭಾರ, ಹಿಂಭಾರ. ಈ ಎರಡು ಪದ ನಿಮ್ಮ ತಾತನ್ನ ಕೇಳಿ. ಮುಂದೆ ಭಾರ ಜಾಸ್ತಿ ಆದ್ರೆ ಎತ್ತಿನ ಕತ್ತು ಕುಸಿಯುತ್ತೆ. ಹಿಂದೆ ಜಾಸ್ತಿ ಆದ್ರೆ ಮೂಕಿ ಮೇಲೇಳುತ್ತೆ, ನೊಗ ಎತ್ತಿನ ಕೊರಳನ್ನ ಕೆಳಗಿಂದ ಎತ್ತಿ ಹಿಡಿಯುತ್ತೆ. ಏರು ಬಂದ್ರೆ ಗಾಡಿಯವನು ಮುಂದಕ್ಕೆ ಸರೀತಿದ್ದ, ಇಳಿಜಾರಲ್ಲಿ ಹಿಂದಕ್ಕೆ. ಈ ಒಂದು ವಿಷಯ ಚೆನ್ನಾಗಿ ನೆನಪಿಟ್ಕೊಳ್ಳಿ, ಇನ್ನು ಐದು ನಿಮಿಷದಲ್ಲಿ ಬೇಕಾಗುತ್ತೆ.

ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಆ ಗಾಡಿ ಎಳೆದ ಎತ್ತುಗಳ ಪಾಡು ನೋಡಿದವರಿಗೆ ಗೊತ್ತು. ಆದ್ರೆ ಗಾಡಿ ಜೊತೆ ಅದರ ಜ್ಞಾನವೂ ಊರಲ್ಲೇ ಇತ್ತು. ಬಡಗಿ, ಕಮ್ಮಾರ, ಲಾಳ ಕಟ್ಟೋರು, ಎಲ್ಲ ಅಲ್ಲೇ. ಹತ್ತು ವರ್ಷದ ಹುಡುಗ ಅಪ್ಪನ ಪಕ್ಕ ಕೂತೇ ಕಲೀತಿದ್ದ.

ಟ್ರ್ಯಾಕ್ಟರ್ ಬಂದಿದ್ದು ಹಾಗಲ್ಲ. 1960–70ರ ದಶಕದಲ್ಲಿ ದೇಶದಲ್ಲೇ ಕಾರ್ಖಾನೆಗಳು ಶುರುವಾದವು. ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ಮಾಡೋಕೆ ಶುರುಮಾಡ್ತು. ಬೆಂಗಳೂರಿನ ವಿಎಸ್‌ಟಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಪವರ್ ಟಿಲ್ಲರ್‌ಗೆ ಕೈಹಾಕ್ತು. ಸಾಲ ಸಿಕ್ತು, ಗಾಡಿ ಮನೆ ಮುಂದೆ ಬಂತು. ಓಡಿಸೋದು ಮಾತ್ರ ನೋಡಿ ನೋಡೇ ಕಲಿತಿದ್ದು. ಕೇಂದ್ರ ಸರ್ಕಾರದ ತರಬೇತಿ ಸಂಸ್ಥೆ ಒಂದು ನಮ್ಮ ಪಕ್ಕದ ಅನಂತಪುರದ ಗಾರ್ಲದಿನ್ನೆಯಲ್ಲೇ ಇದೆ. ಅಲ್ಲಿಗೆ ಹೋಗಿ ಕಲಿತು ಬಂದವರು ನಿಮ್ಮೂರಲ್ಲಿ ಎಷ್ಟು ಜನ? ಎಣಿಸಿ ನೋಡಿ.

ಪವರ್ ಟಿಲ್ಲರ್‌ದು ಒಂದು ವಿಚಿತ್ರ ಹೇಳ್ಲೇಬೇಕು. ಸಮತಟ್ಟು ನೆಲದಲ್ಲಿ ಎಡಗಡೆ ಕ್ಲಚ್ ಹಿಡಿದ್ರೆ ಎಡಗಡೆ ಚಕ್ರ ನಿಲ್ಲುತ್ತೆ, ಗಾಡಿ ಎಡಕ್ಕೆ ತಿರುಗುತ್ತೆ. ಇಳಿಜಾರಿನಲ್ಲಿ ಅದೇ ಕ್ಲಚ್ ಹಿಡಿದ್ರೆ? ಬಿಟ್ಟ ಚಕ್ರಕ್ಕೆ ಎಂಜಿನ್ನಿನ ಹಿಡಿತ ತಪ್ಪಿ ಅದು ಜೋರಾಗಿ ಉರುಳುತ್ತೆ, ಗಾಡಿ ಬಲಕ್ಕೆ ನುಗ್ಗುತ್ತೆ. ಪೂರ್ತಿ ಉಲ್ಟಾ. ತೋಟದ ಬದುವಿನಿಂದ ಕಾಲುವೆಗೆ ಇಳಿಸುವಾಗ ಇದು ಗೊತ್ತಿಲ್ದಿದ್ರೆ ಗಾಡಿ ಕಾಲ ಮೇಲೇ ಬರುತ್ತೆ.

ಈಗ ಹಿಂಭಾರಕ್ಕೆ ವಾಪಸ್ ಬರೋಣ. ಹಿರಿಯೂರಿನ ಎರೆ ಮಣ್ಣು, ಮಳೆ ಬಿದ್ದಿದೆ, ಟ್ರ್ಯಾಕ್ಟರಿನ ಹಿಂದಿನ ಚಕ್ರ ಹೂತಿದೆ. ನೀವು ಜೋರಾಗಿ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಫಟ್ ಅಂತ ಬಿಡ್ತೀರಿ. ಚಕ್ರ ತಿರುಗಲ್ಲ. ಆ ಬಲ ಎಲ್ಲಿಗಾದ್ರೂ ಹೋಗ್ಬೇಕಲ್ಲ? ಚಕ್ರದ ಸುತ್ತ ಟ್ರ್ಯಾಕ್ಟರೇ ತಿರುಗುತ್ತೆ. ಮೂತಿ ಮೇಲೇಳುತ್ತೆ, ಮೂಕಿ ಎದ್ದ ಹಾಗೆ. ಒಂದು ಮಿತಿ ದಾಟಿದ್ರೆ ಕ್ಲಚ್ ಒತ್ತಿದ್ರೂ ಉಪಯೋಗ ಇಲ್ಲ, ಅದಕ್ಕೆ ಒಂದು ಸೆಕೆಂಡೂ ಬೇಕಾಗಲ್ಲ. ಕೂತವರ ಮೇಲೆ ಎರಡು ಟನ್ ಕಬ್ಬಿಣ. ಮರದ ಬುಡ ಕೀಳೋಕೆ, ಹೂತ ಲಾರಿ ಎಳೆಯೋಕೆ ಸರಪಳಿಯನ್ನ ಡ್ರಾಬಾರ್ ಬಿಟ್ಟು ಅಚ್ಚಿಗಿಂತ ಮೇಲೆ ಕಟ್ಟಿದ್ರೂ ಇದೇ ಆಗೋದು. ತಾತನಿಗೆ ಗೊತ್ತಿದ್ದ ಹಿಂಭಾರ ಇದೇ. ಆದ್ರೆ ತಾತನ ಗಾಡಿ ಎದ್ದಾಗ ಕೆಳಗೆ ಧುಮುಕೋಕೆ ಸಮಯ ಇರ್ತಿತ್ತು. ಅಲ್ಲಿದ್ದ ಪದ, ಇಲ್ಲಿಗೆ ಬರ್ಲೇ ಇಲ್ಲ.

ಹೂತ್ಕೊಂಡ್ರೆ ಏನ್ಮಾಡೋದು? ರಿವರ್ಸ್‌ನಲ್ಲಿ ಮೆಲ್ಲಗೆ ಹಿಂದಕ್ಕೆ ಬರೋಕೆ ನೋಡಿ. ಆಗ್ಲಿಲ್ವಾ, ಮಣ್ಣು ತೋಡಿ, ಇನ್ನೊಂದು ಟ್ರ್ಯಾಕ್ಟರ್ ಕರೆಸಿ. ಚಕ್ರಕ್ಕೆ ಮರದ ತುಂಡು ಕಟ್ಟಿ ಮುಂದಕ್ಕೆ ಎಳೆಸೋ ಉಪಾಯ ಬಹಳ ಕಡೆ ಇದೆ, ಅದನ್ನ ಮಾತ್ರ ಬೇಡವೇ ಬೇಡ.

ಸ್ವೀಡನ್ ದೇಶ 1959ರಲ್ಲೇ ಒಂದು ಕಾನೂನು ಮಾಡ್ತು: ಹೊಸ ಟ್ರ್ಯಾಕ್ಟರ್ ಮಗುಚಿದ್ರೂ ಕೂತವರು ಜಜ್ಜಿ ಹೋಗದ ಹಾಗೆ ಗಟ್ಟಿ ಚೌಕಟ್ಟು ಇರಲೇಬೇಕು. ಕಾಲಕ್ರಮೇಣ ಅಲ್ಲಿ ಮಗುಚಿ ಸಾಯೋದು ಬಹುತೇಕ ನಿಂತೇ ಹೋಯ್ತು. ನಮ್ಮ ಹೊಲಗಳಲ್ಲಿ ಕಾಣೋ ಹೆಚ್ಚಿನ ಟ್ರ್ಯಾಕ್ಟರಿಗೆ ಇರೋದು ಬಿಸಿಲಿಗೆ ಹಾಕಿಸಿದ ಟಾಪು, ಅದರ ಮೇಲೆ ಎಲ್‌ಇಡಿ, ಕೆಳಗೆ ಸ್ಪೀಕರ್ರು. ಆ ಟಾಪು ಮಗುಚಿದ ದಿನ ತಗಡಿನ ಡಬ್ಬಿ ಥರ ಮಡಚುತ್ತೆ. ಇದನ್ನ ನಾನು ಸ್ವಲ್ಪ ಕೋಪದಿಂದಲೇ ಹೇಳ್ತಿದ್ದೀನಿ.

ಇನ್ನು ಎಟಿವಿ. 1970ರಲ್ಲಿ ಹೋಂಡಾ ಅಮೆರಿಕದಲ್ಲಿ ಮೂರು ಚಕ್ರದ ಗಾಡಿ ಬಿಡ್ತು. ಚಳಿಗಾಲದಲ್ಲಿ ಬೈಕ್ ವ್ಯಾಪಾರ ಬಿದ್ದುಹೋಗುತ್ತೆ, ಹಿಮದಲ್ಲೂ ಓಡೋ ಏನಾದ್ರೂ ಕೊಡಿ ಅಂತ ಡೀಲರ್‌ಗಳು ಕೇಳಿದ್ರು. ಒಸಾಮು ತಾಕೆಉಚಿ ಅನ್ನೋ ಎಂಜಿನಿಯರ್ ಅದನ್ನ ರೂಪಿಸಿದ್ರು. ಮರುವರ್ಷವೇ ಜೇಮ್ಸ್ ಬಾಂಡ್ ಸಿನಿಮಾದಲ್ಲಿ ಬಂತು. ಆಟಿಕೆ ಥರ ಕಾಣ್ತಿತ್ತು. ಮಕ್ಕಳೂ ಓಡಿಸಿದ್ರು, ಮಗುಚ್ತು, ಬಹಳ ಜನ ಸತ್ರು. 1988ರಲ್ಲಿ ಅಮೆರಿಕ ಸರ್ಕಾರದ ಜೊತೆ ಆದ ಒಪ್ಪಂದದಲ್ಲಿ ಕಂಪನಿಗಳು ಮೂರು ಚಕ್ರದ್ದನ್ನ ಮಾರೋದು ನಿಲ್ಲಿಸಿದ್ವು. ಸುಜುಕಿ ಅಷ್ಟೊತ್ತಿಗೆ ನಾಲ್ಕು ಚಕ್ರದ್ದು ತಂದಿತ್ತು.

ಭಾರತದಲ್ಲಿ ಸಾಮಾನ್ಯ ಎಟಿವಿ ರಸ್ತೆಗೆ ಇಳಿಯೋ ಹಾಗಿಲ್ಲ, ನೋಂದಣಿಯೇ ಆಗಲ್ಲ. 2020ರಲ್ಲಿ ಪೋಲಾರಿಸ್ ಕಂಪನಿ ರಸ್ತೆಗೆ ಇಳಿಸಬಹುದಾದ ಒಂದು ಎಟಿವಿ ತಂತು. ಹೇಗೆ ಗೊತ್ತಾ? ಟ್ರ್ಯಾಕ್ಟರ್ ಅಂತ ಮಂಜೂರಾತಿ ಪಡೆದು. ನಮ್ಮ ಕತೆಗೆ ಇದಕ್ಕಿಂತ ಒಳ್ಳೇ ಸಾಕ್ಷಿ ಬೇಕಾ? ಕಾಗದದ ಪ್ರಕಾರ ಎಟಿವಿ ಅಂದ್ರೆ ಟ್ರ್ಯಾಕ್ಟರಿನ ತಮ್ಮ.

ತಮ್ಮನಿಗೂ ಅಣ್ಣನ ಗುಣವೇ. ಏರು ಹತ್ತುವಾಗ ಮೈ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ, ಗಾಡಿಯವನು ಸರೀತಿದ್ದ ಹಾಗೇ. ಗುಡ್ಡದ ಅರ್ಧದಲ್ಲಿ ಅಡ್ಡಕ್ಕೆ ತಿರುಗಿಸಬೇಡಿ, ಮಗುಚೋದು ಅಲ್ಲೇ. ಒಬ್ಬರಿಗೆ ಮಾಡಿದ ಸೀಟಿನಲ್ಲಿ ಒಬ್ಬರೇ ಕೂರ್ಬೇಕು, ಹಿಂದೆ ಗೆಳೆಯ ಕೂತ್ರೆ ಅವನೇ ಹಿಂಭಾರ. ಹೆಲ್ಮೆಟ್ ಬಗ್ಗೆ ಬೇರೆ ಹೇಳ್ಬೇಕಾ?

ಇನ್ನು ಟೈರು. ಎಷ್ಟೋ ಎಟಿವಿ ಟೈರಿಗೆ ಬೇಕಾಗೋ ಗಾಳಿ ಬರೀ 5ರಿಂದ 7 ಪಿಎಸ್‌ಐ, ಕಾರಿಗೆ 30ರ ಆಸುಪಾಸು ಬೇಕು. ಪಂಕ್ಚರ್ ಅಂಗಡಿಯವರು ಅಭ್ಯಾಸಬಲದಿಂದ 30 ತುಂಬಿಸಿಬಿಟ್ರೆ ಗಾಡಿ ಚೆಂಡಿನ ಥರ ಪುಟಿಯುತ್ತೆ. ಮಾಮೂಲಿ ಮೀಟರ್ ಅಷ್ಟು ಕಡಿಮೆ ಗಾಳೀನ ಸರಿಯಾಗಿ ತೋರಿಸೋದೂ ಇಲ್ಲ, ಅದಕ್ಕೇ ಬೇರೆ ಮೀಟರ್ ಬರುತ್ತೆ. ದುರ್ಗದ ಧೂಳಿಗೆ ಏರ್ ಫಿಲ್ಟರ್‌ನ ಕಂಪನಿ ಹೇಳಿದ್ದಕ್ಕಿಂತ ಬೇಗ ಬೇಗ ತೆಗೆದು ನೋಡ್ಬೇಕು. ಹಳೇ ಟ್ರ್ಯಾಕ್ಟರಿನ ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಆದ್ರೆ ಉಳುಮೆ ದಿನಗಳಲ್ಲಿ ದಿನಾ ನೋಡಿ. ಆಕ್ಸಿಲರೇಟರ್ ತಿರುಗಿಸಿ ಬಿಟ್ರೆ ತಾನಾಗೇ ವಾಪಸ್ ಬರ್ಬೇಕು, ಕೆಸರು ಕೂತು ಸಿಕ್ಕಿಹಾಕ್ಕೊಂಡ್ರೆ ಬ್ರೇಕ್ ಎಷ್ಟು ಚೆನ್ನಾಗಿದ್ರೂ ಕಷ್ಟ.

ಟ್ರ್ಯಾಕ್ಟರ್ ಓಡಿಸೋರಿಗೆ ಎರಡು ಮಾತು ಜಾಸ್ತಿ. ಎಡ ಬಲ ಎರಡು ಬ್ರೇಕ್ ಪೆಡಲ್ ಇರುತ್ತಲ್ಲ, ಹೊಲದಲ್ಲಿ ಬಿಡಿಬಿಡಿಯಾಗಿ ಒತ್ತೋಕೆ ಅಂತ. ಹಿರಿಯೂರು, ಚಿತ್ರದುರ್ಗದ ಮೇಲೆ ಹೋಗೋ ಹೆದ್ದಾರಿ 48ಕ್ಕೆ ಹತ್ತೋ ಮುಂಚೆ ಆ ಎರಡನ್ನೂ ಜೋಡಿಸೋ ಕೊಂಡಿ ಹಾಕಿದ್ದೀರಾ? ವೇಗದಲ್ಲಿ ಒಂದೇ ಪೆಡಲ್ ಒತ್ತಿದ್ರೆ ಗಾಡಿ ಒಂದು ಕಡೆಗೆ ಎಳೆದು ಮಗುಚುತ್ತೆ. ಇನ್ನೊಂದು, ಹಿಂದೆ ತಿರುಗೋ ಪಿಟಿಒ ಶಾಫ್ಟ್. ನಿಮಿಷಕ್ಕೆ 540 ಸುತ್ತು, ಅಂದ್ರೆ ಸೆಕೆಂಡಿಗೆ 9. ಹೆಗಲ ಟವೆಲ್ಲಿನ ತುದಿ ಅದಕ್ಕೆ ಸಿಕ್ತು ಅಂದ್ರೆ ಬಿಡಿಸ್ಕೊಳ್ಳೋಕೆ ಆಗಲ್ಲ. ಕವರ್ ಕಿತ್ತು ಹಾಕಿದ್ರೆ ಇವತ್ತೇ ಹಾಕಿಸಿ.

ಆಯುಧಪೂಜೆ ದಿನ ಗಾಡಿ ತೊಳೆದು, ವಿಭೂತಿ ಹಚ್ಚಿ, ನಿಂಬೆಹಣ್ಣು ಇಡೋಕೆ ಚಕ್ರದ ಹತ್ರ ಬಗ್ತೀರಲ್ಲ. ಹಾಗೇ ಕೈಯಲ್ಲಿ ಸ್ಪ್ಯಾನರ್ ಹಿಡ್ಕೊಂಡು ಬಗ್ಗಿ, ವೀಲ್ ನಟ್ಟು ಒಂದೊಂದಾಗಿ ಬಿಗಿಮಾಡಿ. ಈಗಿನ ಕಡಾಣಿ ಅದು. ನಿಮ್ಮ ಮನೇಲಿ ಗಾಡಿ ಹೊಡೆದ ಹಿರಿಯರಿದ್ರೆ, ಮುಂಭಾರ ಹಿಂಭಾರ ಹೇಗೆ ನೋಡ್ತಿದ್ರಿ ಅಂತ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿ ನಮಗೆ ಕಳಿಸಿ. ಮುಂದಿನ ಸಂಚಿಕೇಲಿ ಮಾರಿಕಣಿವೆ. 1933ರಲ್ಲಿ ಕೋಡಿ ಬಿದ್ದ ಡ್ಯಾಮು ಮತ್ತೆ ಕೋಡಿ ಬೀಳೋಕೆ 2022ರವರೆಗೆ ಕಾದಿದ್ದು ಯಾಕೆ ಅನ್ನೋ ಕತೆ.