ನಮ್ಮೂರ ಹಿಸ್ಟರಿ, ಭಾಗ 9: ಅಣ್ಣನ 75%

(1/5)
ಈ ಸಲ ಗುಡಿ ಫೋಟೋ ಇಲ್ಲ. ನಮ್ ಪೇಜಿಗೆ ಅರ್ಧ ಜನ ಬರೋದೇ ದೊಡ್ಡಗದ್ದವಳ್ಳಿ ಲಕ್ಷ್ಮೀದೇವಿ ಗುಡಿ ನೋಡೋಕೆ ಅಂತ ಗೊತ್ತು. ಇವತ್ತು ಫೋಟೋದಲ್ಲಿರೋದು ನಮ್ಮ ದೊಡ್ಡಮ್ಮನ ಮಗನ ಕೈ, ಕೈಲಿ ಹಸುವಿನ ಹಗ್ಗ. ಮುಖ ಬೇಕಂತಲೇ ಹಾಕಿಲ್ಲ. ಅಣ್ಣಂಗೆ ಈಗ 34. ಅವನ ಹಳೇ ಸರ್ಟಿಫಿಕೇಟಲ್ಲಿ "75%" ಅಂತಿದೆ. ಚಿಕ್ಕವಳಿದ್ದಾಗ ನಾನು ಅದು ಮಾರ್ಕ್ಸ್ ಅಂದ್ಕೊಂಡು, ಅಣ್ಣ ಫಸ್ಟ್ ಕ್ಲಾಸು ಅಂತ ಊರೆಲ್ಲಾ ಹೇಳಿದ್ದೆ.

(2/5)
ಈ ಅಂಕಿ ಎಲ್ಲಿಂದ ಬಂತು? 1905, ಪ್ಯಾರಿಸ್. ಶಾಲೆಯಲ್ಲಿ ಹಿಂದೆ ಬೀಳೋ ಮಕ್ಕಳನ್ನ ಗುರುತಿಸಿ ಸಹಾಯ ಕೊಡೋಕೆ ಆಲ್ಫ್ರೆಡ್ ಬಿನೆ ಒಂದು ಪರೀಕ್ಷೆ ಮಾಡಿದ್ರು. 1930ರ ದಶಕದಲ್ಲಿ ಅದನ್ನ ಕನ್ನಡ, ಮರಾಠಿ ಮಾತಾಡೋ ಮಕ್ಕಳಿಗೆ ಹೊಂದಿಸಿದವರು ಧಾರವಾಡದ ವಿ. ವಿ. ಕಾಮತ್. 1940ರಲ್ಲಿ ಅವರ ಪುಸ್ತಕ ಬಂತು. ಬಿನೆ-ಕಾಮತ್ ಪರೀಕ್ಷೆ ಅಂತ ಇವತ್ತಿಗೂ ಬಳಕೆಯಲ್ಲಿದೆ. ಅಂದ್ರೆ ಐಕ್ಯೂ ಕಥೇಲಿ ನಮ್ಮ ಕರ್ನಾಟಕದ್ದೂ ಒಂದು ಪುಟ ಇದೆ.

(3/5)
ಕಾನೂನು ಮಾತ್ರ ನಿಧಾನಕ್ಕೆ ಕಲೀತು. ಬ್ರಿಟಿಷರ 1912ರ ಕಾಯ್ದೆ ಮಾನಸಿಕ ಕಾಯಿಲೆ ಇದ್ದೋರನ್ನೂ ಬುದ್ಧಿ ಬೆಳವಣಿಗೆ ಕಮ್ಮಿ ಇದ್ದೋರನ್ನೂ "ಲೂನಾಟಿಕ್" ಅನ್ನೋ ಒಂದೇ ಪದಕ್ಕೆ ತುಂಬಿತ್ತು. ಇವೆರಡೂ ಬೇರೆ ಅಂತ ಬೇರ್ಪಡಿಸಿದ್ದು 1987ರ ಕಾಯ್ದೆ. 1995ರ ಕಾಯ್ದೆ ಇದನ್ನ ಏಳು ಅಂಗವೈಕಲ್ಯಗಳಲ್ಲಿ ಒಂದು ಅಂತ ಸೇರಿಸ್ತು. 2016ರ ಕಾಯ್ದೆಯಲ್ಲಿ ಪಟ್ಟಿ 21ಕ್ಕೆ ಏರಿತು, ಹೆಸರೂ "ಬೌದ್ಧಿಕ ವಿಕಲತೆ" ಅಂತ ಬದಲಾಯ್ತು. ಊರಲ್ಲಿ ಕೆಲವರು ಇನ್ನೂ 1912ರಲ್ಲೇ ಇದ್ದಾರೆ. ಅಣ್ಣನ್ನ ಕರೆಯೋ ರೀತಿ ಕೇಳಿದ್ರೆ ಗೊತ್ತಾಗುತ್ತೆ.

(4/5)
2001ರ ಲೆಕ್ಕ ಹೀಗಿತ್ತು: ಐಕ್ಯೂ 50–69 ಸೌಮ್ಯ, 50%. 35–49 ಮಧ್ಯಮ, 75%. 20–34 ತೀವ್ರ, 90%. 20ಕ್ಕಿಂತ ಕೆಳಗೆ ಅತಿ ತೀವ್ರ, 100%. ಆದ್ರೆ 1992ರಲ್ಲೇ ಅಮೆರಿಕದ ತಜ್ಞರ ಸಂಘ ಪ್ರಶ್ನೆ ಬದಲಾಯಿಸಿತ್ತು. ಬುದ್ಧಿ ಎಷ್ಟು ಅಂತ ಮಾತ್ರ ಕೇಳಬೇಡಿ, ಆಸರೆ ಎಷ್ಟು ಬೇಕು ಕೇಳಿ ಅಂತ. ಆಗಾಗ ಸಾಕಾ, ಕೆಲವು ಕೆಲಸಕ್ಕೆ ಮಾತ್ರನಾ, ದಿನಾ ಬೇಕಾ, ಇಲ್ಲಾ ಸದಾ ಜೊತೇಲೇ ಇರಬೇಕಾ? ನಮ್ಮಲ್ಲೂ 2018ರ ಮಾರ್ಗಸೂಚಿ ಬಂದ್ಮೇಲೆ, ಊಟ, ಬಟ್ಟೆ, ಓಡಾಟ, ಜನರ ಜೊತೆ ಬೆರೆಯೋದು ಇವನ್ನೆಲ್ಲ ನೋಡಿ ಪರ್ಸೆಂಟ್ ಹಾಕ್ತಾರೆ.

(5/5)
75% ಹಾಗೇ ಇರುತ್ತೆ, ಬೇಕಾಗೋದು ಮಾತ್ರ ವಯಸ್ಸಿಗೆ ತಕ್ಕ ಹಾಗೆ ಬದಲಾಗ್ತಾ ಹೋಗುತ್ತೆ. ಮೂರು ವರ್ಷಕ್ಕೆ ಮಾತು, ನಡಿಗೆ ಕಲಿಸೋರು ಬೇಕು. 6ರಿಂದ 18ರವರೆಗೆ ಉಚಿತ ಶಿಕ್ಷಣ ಹಕ್ಕು. 18 ತುಂಬಿದ್ಮೇಲೆ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ: ಅಪ್ಪ ಅಮ್ಮನೂ ತಾನಾಗೇ ಕಾನೂನಿನ ಪೋಷಕರಾಗಿ ಉಳಿಯಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಇರೋ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಅದೇ ಟ್ರಸ್ಟಿನ "ನಿರಾಮಯ" ಯೋಜನೇಲಿ 1 ಲಕ್ಷದವರೆಗೆ ಆರೋಗ್ಯ ವಿಮೆನೂ ಇದೆ.

ನಮ್ಮನೇಲಿ 16 ವರ್ಷ ಯಾರೂ ಆ ಅರ್ಜಿ ಹಾಕ್ಲಿಲ್ಲ. ಅಣ್ಣ ಬೆಳಿಗ್ಗೆ ಎದ್ದು ಹಸು ಹಿಡ್ಕೊಂಡು ಹೋಗ್ತಾನೆ, ಡೈರಿಗೆ ಹಾಲು ಹಾಕಿ ಬರ್ತಾನೆ. ದುಡ್ಡಿನ ಲೆಕ್ಕ ಮಾತ್ರ ದೊಡ್ಡಮ್ಮಂದು. ದೊಡ್ಡಮ್ಮಂಗೆ ಈಗ 61, ಮಂಡಿ ನೋವು. ಹೋದ ತಿಂಗಳು ಒಲೆ ಮುಂದೆ ಕೂತು, "ನಾನಿಲ್ದಿದ್ರೆ ಇವನ್ನ ಯಾರವ್ವಾ ನೋಡ್ತಾರೆ" ಅಂದ್ರು. ಯಾರೂ ಮಾತಾಡ್ಲಿಲ್ಲ.

ಬಿಕಾಂ ಓದೋಳು ನಾನು, ನಂಗೆ ಬರೋದು ಲೆಕ್ಕ ಒಂದೇ. ಅರ್ಜಿಗೆ ಬೇಕಾದ ಪೇಪರ್ ಎಲ್ಲಾ ಒಂದು ಫೈಲಿಗೆ ಹಾಕಿದೀನಿ, ಸೋಮವಾರ ಹಾಸನಕ್ಕೆ ಹೋಗ್ತಿದೀವಿ. ಸಂಜೆ ಹೊತ್ತು ಅಣ್ಣಂಗೆ ನೋಟಿನ ಬಣ್ಣ ಹೇಳ್ಕೊಡ್ತೀನಿ. ಹತ್ತು, ಇಪ್ಪತ್ತು ಗೊತ್ತಾಗುತ್ತೆ. ಐವತ್ತು ಇನ್ನೂ ಆಗಿಲ್ಲ.

ನಿಮ್ಮನೇಲೂ 18 ದಾಟಿದ ಇಂಥ ಅಣ್ಣನೋ ಅಕ್ಕನೋ ಇದ್ರೆ ಇದನ್ನ ಸೇವ್ ಮಾಡ್ಕೊಳ್ಳಿ, ಇವತ್ತೇ ಮನೇಲಿ ಮಾತಾಡಿ.

#ನಮ್ಮೂರಹಿಸ್ಟರಿ #ದೊಡ್ಡಗದ್ದವಳ್ಳಿ #ಹಾಸನ