ಪರಿಹಾರವೋ, ಮೊಬಲಗೋ?

ಕಾಸರಗೋಡಿನ ಸಮೀಪ ಮಧುವಾಹಿನೀ ಹೊಳೆಯ ದಡದಲ್ಲಿ ಎಡನೀರು ಮಠವಿದೆ. 1960ರಲ್ಲಿ ಇದರ ಪೀಠವನ್ನೇರಿದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಯಕ್ಷಗಾನಪ್ರಿಯರಾಗಿದ್ದರು, ಸ್ವತಃ ಹಾಡಬಲ್ಲವರಾಗಿದ್ದರು. ಅವರ ಹೆಸರು ದೇಶದ ನ್ಯಾಯಶಾಸ್ತ್ರದ ಪುಸ್ತಕಗಳಲ್ಲೆಲ್ಲ ಸೇರಿಹೋದುದಕ್ಕೆ ಮಾತ್ರ ಹಾಡು ಕಾರಣವಲ್ಲ, ಮಠದ ಗೇಣಿ ಭೂಮಿ.

ದಕ್ಷಿಣ ಕನ್ನಡದ ಹಳೆಯ ಭೂಮಿಯ ಲೆಕ್ಕವೇ ಬೇರೆ. ಮೂಲಗೇಣಿಯ ಒಕ್ಕಲಿಗೆ ಭೂಮಿ ವಂಶಪಾರಂಪರ್ಯವಾಗಿ ನಿಲ್ಲುತ್ತಿತ್ತು. ಚಾಲಗೇಣಿಯವನು ಧಣಿಯ ಮನಸ್ಸಿರುವ ತನಕ ಮಾತ್ರ ಉಳುತ್ತಿದ್ದ. ದೇವಸ್ಥಾನ, ಮಠಗಳೂ ಧಣಿಗಳೇ. ದೀಪ, ನೈವೇದ್ಯ, ಅನ್ನದಾನಗಳು ಒಕ್ಕಲು ಅಳೆದ ಮುಡಿ ಅಕ್ಕಿಯಿಂದಲೇ ನಡೆಯಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿನ 1963ರ ಭೂಸುಧಾರಣಾ ಕಾಯಿದೆಯೂ 1969ರ ಅದರ ತಿದ್ದುಪಡಿಯೂ ಎಡನೀರಿಗೂ ತಟ್ಟಿದವು. 1970ರ ಜನವರಿ 1ರಿಂದ ಗೇಣಿ ಭೂಮಿಯಲ್ಲಿ ಧಣಿಯ ಹಕ್ಕು ಸರ್ಕಾರಕ್ಕೆ, ಸರ್ಕಾರದಿಂದ ಉಳುವವನಿಗೆ. ಅದೇ ವರ್ಷದ ಮಾರ್ಚಿ 21ರಂದು ಸ್ವಾಮಿಗಳ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸರ್ಕಾರ ಒಬ್ಬನ ಆಸ್ತಿಯನ್ನು ತೆಗೆದುಕೊಂಡರೆ ಅವನಿಗೆ ಸಲ್ಲತಕ್ಕದ್ದೇನು? ನಮ್ಮ ಸಂವಿಧಾನದ 31ನೆಯ ಅನುಚ್ಛೇದ ಮೊದಲು ಹೇಳಿದ್ದು ‘ಪರಿಹಾರ’ ಎಂದು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ನೆಲೆ ಮಾಡಿಕೊಡಲು ಪಶ್ಚಿಮ ಬಂಗಾಳ ಸರ್ಕಾರ 1948ರಲ್ಲಿ ಒಂದು ಕಾಯಿದೆ ಮಾಡಿತ್ತು. ಭೂಮಿಯನ್ನು ಯಾವಾಗ ತೆಗೆದುಕೊಂಡರೂ ಬೆಲೆ ಮಾತ್ರ 1946ರ ಡಿಸೆಂಬರ್ 31ರ ಧಾರಣೆಯನ್ನು ಮೀರುವಂತಿರಲಿಲ್ಲ. ಬೇಲಾ ಬ್ಯಾನರ್ಜಿ ಮೊಕದ್ದಮೆಯಲ್ಲಿ, 1953ರ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಪರಿಹಾರವೆಂದರೆ ಕಳೆದುಕೊಂಡದ್ದಕ್ಕೆ ಸರಿಸಮನಾದ ಬೆಲೆ ಎಂದಿತು. ನ್ಯಾಯ ಸರಿಯೇ. ಆದರೆ ಹಾಗೆ ಬೆಲೆ ಕಟ್ಟುತ್ತ ಹೋದರೆ ದೇಶದ ಜಮೀನುದಾರಿಕೆಯನ್ನು ಯಾವ ಬೊಕ್ಕಸ ಕೊಂಡೀತು?

ಪಾರ್ಲಿಮೆಂಟು 1955ರಲ್ಲಿ ಸಂವಿಧಾನವನ್ನು ತಿದ್ದಿ, ಪರಿಹಾರ ಸಾಲದೆಂದು ಯಾರೂ ಕೋರ್ಟಿನಲ್ಲಿ ಕೇಳಕೂಡದೆಂದಿತು. ಹದಿನೈದು ವರ್ಷದ ಮೇಲೆ, 14 ಬ್ಯಾಂಕುಗಳ ರಾಷ್ಟ್ರೀಕರಣದ ಮೊಕದ್ದಮೆಯಲ್ಲಿ, ಅದೇ ಪ್ರಶ್ನೆ ಇನ್ನೊಂದು ಬಾಗಿಲಿನಿಂದ ಒಳಗೆ ಬಂತು. ಆಗ 1971ರ ಇಪ್ಪತ್ತೈದನೆಯ ತಿದ್ದುಪಡಿ ‘ಪರಿಹಾರ’ ಎಂಬ ಮಾತನ್ನೇ ಕಿತ್ತುಹಾಕಿ ‘ಮೊಬಲಗು’ ಎಂದು ಬರೆಯಿತು. ಪರಿಹಾರವೆಂದಾಗ ನಷ್ಟದ ನೆನಪಿರುತ್ತದೆ. ಮೊಬಲಗು ಎಷ್ಟಾದರೂ ಮೊಬಲಗೇ. ಮರುವರ್ಷ ಇಪ್ಪತ್ತೊಂಬತ್ತನೆಯ ತಿದ್ದುಪಡಿ ಕೇರಳದ ಭೂಸುಧಾರಣೆಯ ತಿದ್ದುಪಡಿ ಕಾಯಿದೆಗಳನ್ನು ಒಂಬತ್ತನೆಯ ಅನುಸೂಚಿಯ ಬೇಲಿಯೊಳಗೆ ಇಟ್ಟಿತು.

ಹೀಗಾಗಿ ಒಂದು ಮಠದ ಗೇಣಿಯ ತಕರಾರು ಪಾರ್ಲಿಮೆಂಟಿನ ಅಧಿಕಾರಕ್ಕೆ ಮೇರೆಯುಂಟೇ ಎಂಬ ವಾದವಾಗಿ ಬೆಳೆಯಿತು. 13 ಮಂದಿ ನ್ಯಾಯಮೂರ್ತಿಗಳು 68 ದಿನ ಕೇಳಿದರು. ಸ್ವಾಮಿಗಳ ಪರವಾಗಿ ನಾನಿ ಪಾಲ್ಖಿವಾಲಾ ವಾದಿಸಿದರು. 1973ರ ಏಪ್ರಿಲ್ 24ರಂದು, ಏಳು ಆರರ ಬಹುಮತದಿಂದ ಬಂದ ತೀರ್ಪು: ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಮೂಲ ಸ್ವರೂಪವನ್ನು ಕೆಡಿಸಕೂಡದು. ಆಸ್ತಿಯ ಹಕ್ಕು ಆ ಮೂಲ ಸ್ವರೂಪಕ್ಕೆ ಸೇರಿದ್ದಲ್ಲವೆಂದು ತಕ್ಕಡಿಯನ್ನು ವಾಲಿಸಿದ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಬರೆದರು. ಇಪ್ಪತ್ತೊಂಬತ್ತನೆಯ ತಿದ್ದುಪಡಿ ನಿಂತಿತು. ಮಠಕ್ಕೆ ಭೂಮಿ ಮರಳಲಿಲ್ಲ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಸಂವಿಧಾನ ಉಳಿದ ಬಗೆಯನ್ನು ಹೇಳಿ ಮುಗಿಸುತ್ತಾರೆ. ಚಾಲಗೇಣಿಯ ಒಕ್ಕಲಿನ ಹೆಸರಿಗೆ ಭೂಮಿ ಬಂದುದು ಸಣ್ಣ ಸಂಗತಿಯೆಂದು ನನಗೆ ತೋರುವುದಿಲ್ಲ. ಎಬ್ಬಿಸಿಯಾರೆಂಬ ಭಯ ಅವನ ಮನೆಯಂಗಳದಿಂದ ಹೊರಟುಹೋಯಿತು.

ಆಸ್ತಿಯ ಹಕ್ಕು 1979ರ ಜೂನ್ 20ರಂದು ಮೂಲಭೂತ ಹಕ್ಕುಗಳ ಪಂಕ್ತಿಯಿಂದ ಕೆಳಗಿಳಿಯಿತು. ಕಾನೂನಿನ ಆಧಾರವಿಲ್ಲದೆ ಯಾರ ಸ್ವತ್ತನ್ನೂ ಕಸಿಯಕೂಡದೆಂಬ 300ಎ ಅನುಚ್ಛೇದ ಉಳಿಯಿತು. ಆ ಬಳಿಕ ಭೂಮಿ ಕಳೆದುಕೊಳ್ಳುವ ಸರದಿ ಹೆಚ್ಚಾಗಿ ಧಣಿಗಳದಾಗಿರಲಿಲ್ಲ. ಅಣೆಕಟ್ಟು, ಕಾರ್ಖಾನೆ, ಹೆದ್ದಾರಿಗಳ ದಾರಿಯಲ್ಲಿದ್ದ ಸಣ್ಣ ರೈತರದಾಯಿತು. ಅವರ ಮೇಲೆ ಹೂಡುತ್ತಿದ್ದುದು 1894ರ ಬ್ರಿಟಿಷರ ಕಾಯಿದೆ. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಹೊಸ ಕಾಯಿದೆ ಅದರ ಬದಲು ನಿಂತಿತು. ಹಳ್ಳಿಯ ಭೂಮಿಗೆ ಮಾರುಕಟ್ಟೆಯ ಬೆಲೆಯ ನಾಲ್ಕು ಪಟ್ಟಿನವರೆಗೆ ಸಿಗುವ ಹಾಗೆ ಅದರಲ್ಲಿ ಲೆಕ್ಕ ಹಾಕಿದೆ. ‘ನ್ಯಾಯಯುತ ಪರಿಹಾರ’ ಎಂಬ ಮಾತು ಕಾಯಿದೆಯ ಹೆಸರಿನಲ್ಲಿಯೇ ಇದೆ.